ಕೈಗೆ ಸುತ್ತಿದ ದಾರ

ನಮ್ಮ ಮನೆಯ ವಾಷಿಂಗ್ ಮಷೀನು ಬಟ್ಟೆ ಹಿಂಡುವ ಮುಂಚೆ ಸ್ವಲ್ಪ ಹೊತ್ತು ನಿಧಾನವಾಗಿ ದಡ್ ದಡ್ ದಡ್ ಎನ್ನುತ್ತದೆ. ಆ ಸದ್ದು ಶುರುವಾದ ಕೂಡಲೇ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತೇನೆ, ಒಲೆಯ ಮೇಲೆ ಏನೇ ಇರಲಿ. ಮೊನ್ನೆ ಸಾರು ಉಕ್ಕಿ ಒಲೆಯೆಲ್ಲ ರಾಡಿಯಾದಾಗ ನನ್ನ ಗಂಡ, "ಮಷೀನ್ ಏನು ಕಡೀತದೇನು ನಿನಗ?" ಎಂದು ನಕ್ಕರು. ಅವರು ಡಾಕ್ಟರು. ನನಗಾಗಿರುವುದಕ್ಕೆ ಅವರ ಪುಸ್ತಕದಲ್ಲಿ ಒಂದು ಹೆಸರಿದೆ. ಅದನ್ನು ನನ್ನ ಮುಂದೆ ಹೇಳುವುದಿಲ್ಲ, ಅಷ್ಟೇ.

ಮಷೀನಿನ ಆ ದಡ್ ದಡ್ ನನಗೆ ಕಾಲುವೆಯ ದೋಣಿಯ ಎಂಜಿನ್ನಿನ ಸದ್ದು. ಕಳೆದ ಅಕ್ಟೋಬರಿನ ಒಂದು ಭಾನುವಾರ ಅಕ್ಸ್‌ಬ್ರಿಡ್ಜಿನ ಕಾಲುವೆ ದಂಡೆಯಲ್ಲಿ ನಡೆದದ್ದೆಲ್ಲ ಸೇರಿಸಿದರೂ ಒಂದೆರಡು ನಿಮಿಷದ ಮಾತು. ಅದನ್ನು ನಾನು ಒಂದು ವರ್ಷದಿಂದ ನೋಡುತ್ತಲೇ ಇದ್ದೇನೆ. ಟ್ಯೂಬ್ ರೈಲಿನಲ್ಲಿ ಕಿಟಕಿ ಪಕ್ಕ ಕೂತರೆ ನೋಡುತ್ತೇನೆ, ಆಫೀಸಿನ ಲಿಫ್ಟಿನಲ್ಲಿ ನೋಡುತ್ತೇನೆ. ಪ್ರತಿ ಸಲವೂ ಒಂದು ಕಡೆ ಬಂದು ನಿಲ್ಲುತ್ತೇನೆ: ನನ್ನ ಎರಡು ಕೈಯಲ್ಲಿ ಅಕ್ಕನ ಕೋಟಿನ ಬೆಲ್ಟು ಇದೆ, ಅದನ್ನು ನಾನು ಬಿಡಬೇಕಾಗಿದೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ನಾನು ಧಾರವಾಡದವಳು, ಅವರು ಉಡುಪಿ ಕಡೆಯ ಕಡಲತಡಿಯ ಕ್ರೈಸ್ತ ಮನೆತನದವರು, ಮನೆಮಾತು ಕೊಂಕಣಿ. ಎಷ್ಟೋ ವರ್ಷದ ಹಿಂದೆ ವೆಂಬ್ಲಿಯ ತರಕಾರಿ ಅಂಗಡಿಯಲ್ಲಿ ಅವರು ಫೋನಿನಲ್ಲಿ ಯಾರಿಗೋ, "ಬಸಳೆ ಉಂಟು, ಆದ್ರೆ ಅದರ ಮುಖ ನೋಡ್ಲಿಕ್ಕೆ ಆಗುದಿಲ್ಲ" ಎನ್ನುತ್ತಿದ್ದರು. ನಾನು ತಿರುಗಿ ನಕ್ಕೆ. ಪರಿಚಯವಾದದ್ದು ಹಾಗೆ. ಈಗ ಅವರಿಗೆ ಅರವತ್ತರ ಹತ್ತಿರ. ಆಸ್ಪತ್ರೆಯೊಂದರ ಡಯಾಲಿಸಿಸ್ ವಾರ್ಡಿನಲ್ಲಿ ನರ್ಸ್. ಅಲ್ಲಿಗೆ ಬರುವವರ ಮುಂಗೈಯಲ್ಲಿ ಆಪರೇಷನ್ ಮಾಡಿ ರಕ್ತನಾಳವೊಂದನ್ನು ದಪ್ಪಗಾಗಿಸಿರುತ್ತಾರೆ. ಸೂಜಿ ಹಾಕುವ ಮುಂಚೆ ನರ್ಸ್ ಅದರ ಮೇಲೆ ಬೆರಳಿಟ್ಟು, ಒಳಗೆ ರಕ್ತ ಓಡುವ ನಡುಕ ಎಲ್ಲಿ ಸರಿಯಾಗಿದೆ ಎಂದು ನೋಡಬೇಕು. ಹಳೆಯ ರೋಗಿಗಳು ಅಕ್ಕನ ಪಾಳಿಗಾಗಿ ಕಾಯುತ್ತಿದ್ದರು. ಅವರು ಹಾಕಿದ ಸೂಜಿ ನೋಯುವುದಿಲ್ಲ ಎಂಬ ಹೆಸರು ಆ ವಾರ್ಡಿನಲ್ಲಿತ್ತು.

ಆ ಬೆರಳುಗಳಿಗೆ ಇನ್ನೊಂದು ಹುಚ್ಚೂ ಇತ್ತು, ಮೀನು ಹಿಡಿಯುವುದು. ಗಂಡ ತೀರಿಕೊಂಡ ಮೇಲೆ ಶುರುವಾದ ಹುಚ್ಚು ಎಂದು ಪರಿಚಯದವರು ಹೇಳುತ್ತಾರೆ. ಅಕ್ಕ ಒಪ್ಪುವುದಿಲ್ಲ. "ಗಾಳ ಕೈಗೆ ಕೊಟ್ಟದ್ದು ನನ್ನ ಅಪ್ಪ. ಗಂಡ ಆಮೇಲೆ ಬಂದದ್ದು."

ನನ್ನ ಗಂಡನಿಗೆ ಭಾನುವಾರವೂ ಡ್ಯೂಟಿ, ಇಲ್ಲವಾದರೆ ನಿದ್ದೆ. ಮಗ ಬೇರೆ ಊರಿನ ಯೂನಿವರ್ಸಿಟಿಯಲ್ಲಿ. ಫೋನ್ ಮಾಡಿದರೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಒಂದೊಂದೇ ಶಬ್ದದ ಉತ್ತರ. ಹಾಗಾಗಿ ಭಾನುವಾರ ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ವೆಂಬ್ಲಿ ಪಾರ್ಕಿನಿಂದ ಮೆಟ್ರೊಪಾಲಿಟನ್ ಲೈನಿನ ರೈಲು ಹತ್ತಿ ಅಕ್ಸ್‌ಬ್ರಿಡ್ಜಿಗೆ ಹೋಗುತ್ತಿದ್ದೆ. ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಮೀನಿನ ಬಕೆಟ್ಟಿನಿಂದ ಮಾರು ದೂರ ಮಡಚುವ ಕುರ್ಚಿ ಹಾಕಿ ಕೂಡುವುದನ್ನು ನೋಡಿ ಅಕ್ಕನಿಗೆ ನಗು.

"ಹತ್ತಿರ ಬಾ ಮಾರಾಯ್ತಿ. ಅವು ಎಂತ ನಿನ್ನ ರೊಟ್ಟಿ ಕೇಳುದಿಲ್ಲ."

"ನಾ ಇಲ್ಲೇ ಛಲೋ ಇದ್ದೇನ್ರಿ ಅಕ್ಕಾ."

ಎಲೆ ಉದುರಲು ತೊಡಗಿ ನೀರು ತಣ್ಣಗಾಗುವ ದಿನಗಳಲ್ಲಿ ಪೈಕ್ ಎಂಬ ಮೀನಿಗೆ ಹಸಿವು ಹೆಚ್ಚಂತೆ. ಉದ್ದ ಮೂತಿ, ಬಾಯಿ ತುಂಬ ಹಲ್ಲು, ಮೈಯೆಲ್ಲ ಪಾಚಿಯ ಬಣ್ಣ. ಜೀವಂತ ಮೀನನ್ನು ನುಂಗುವ ಮೀನು ಅದು. ಅದಕ್ಕೆ ಎರೆಯೂ ಜೀವಂತ ಮೀನೇ. ಬೇರೆ ಕೆರೆ ಕಾಲುವೆಯಿಂದ ಎರೆಮೀನು ತರುವಂತಿಲ್ಲ. ಆ ನೀರಿನದ್ದನ್ನೇ ಹಿಡಿಯಬೇಕು. ಬೆಳಿಗ್ಗೆ ಅಕ್ಕ ಬ್ರೆಡ್ಡಿನ ಚೂರು ಹಾಕಿ ಬೆರಳುದ್ದದ ಬೆಳ್ಳಿ ಬಣ್ಣದ ಮೀನುಗಳನ್ನು ಹಿಡಿದು ಬಕೆಟ್ಟಿನಲ್ಲಿ ಬಿಡುತ್ತಿದ್ದರು. ಆಮೇಲೆ ಅದರಲ್ಲೊಂದರ ಬೆನ್ನಿಗೆ ಕೊಕ್ಕೆ ಸಿಕ್ಕಿಸುತ್ತಿದ್ದರು. ಆಗ ನಾನು ಆಚೆ ದಡದ ಮರಗಳನ್ನು ನೋಡುತ್ತಿದ್ದೆ.

"ಪಾಪ ಅನ್ಸೂದಿಲ್ಲೇನ್ರಿ ನಿಮಗ? ಹಿಡಿದದ್ದನ್ನ ತಿನ್ನೂದೂ ಇಲ್ಲ."

"ತಿನ್ಲಿಕ್ಕೆ ಬಿಡ್ತಾರಾ ಇಲ್ಲಿ? ಹಿಡಿ, ಫೋಟೋ ತೆಗಿ, ವಾಪಸ್ ಬಿಡು. ನನ್ನ ಅಪ್ಪ ಇದನ್ನು ನೋಡಿದ್ರೆ ನನ್ನನ್ನೇ ನೀರಿಗೆ ಹಾಕ್ತಿದ್ರು."

ಅಕ್ಕನ ಬಳಿ ಒಳ್ಳೆಯ ರಾಡ್ ಇತ್ತು, ರೀಲ್ ಇತ್ತು, ನೀರಿನ ಮೇಲೆ ಕೆಂಪು ಬೆಂಡು ತೇಲುತ್ತಿತ್ತು. ಆದರೂ ಅವರು ಬೆಂಡನ್ನು ನಂಬುತ್ತಿರಲಿಲ್ಲ. ರಾಡನ್ನು ಅದರ ಕವಲುಗೋಲಿನ ಮೇಲೆ ಒರಗಿಸಿ, ಬಲಗೈಯ ಗವುಸು ತೆಗೆದು, ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂಡುತ್ತಿದ್ದರು. ಅವರ ಊರಿನ ಅಳಿವೆಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿ, ರಾಡು ಗೀಡು ಯಾರಿಗೂ ಇರಲಿಲ್ಲ. ಅಪ್ಪ ದಾರವನ್ನು ಅಂಗೈಗೆ ಸುತ್ತಿಕೊಂಡೇ ಹಿಡಿಯುತ್ತಿದ್ದರು, ಮಕ್ಕಳೂ ಹಾಗೇ ಕಲಿತರು. ಪೈಕ್ ಹತ್ತಿರ ಬಂದರೆ ಎರೆಮೀನು ಮೊದಲೇ ಹೆದರಿ ನಡುಗುತ್ತದಂತೆ. ಆ ನಡುಕ ಬೆಂಡಿಗೆ ತಲುಪುವ ಮುಂಚೆ ಬೆರಳಿಗೆ ತಲುಪುತ್ತದೆ. ಒಮ್ಮೆ ನನ್ನ ಬೆರಳಿಗೂ ಸುತ್ತಿಕೊಟ್ಟಿದ್ದರು. ನನಗೆ ಏನೂ ತಿಳಿಯಲಿಲ್ಲ, ದಾರ ಒದ್ದೆಯಾಗಿತ್ತು ಎಂಬುದನ್ನು ಬಿಟ್ಟು.

ಊರಿನ ದಾರ ದಪ್ಪ ನೈಲಾನು. ಇಲ್ಲಿಯದು ಹೊಲಿಗೆ ನೂಲಿನಷ್ಟು ತೆಳ್ಳಗೆ ಹೆಣೆದದ್ದು. ಜಗ್ಗಿದರೆ ಹರಿಯುವುದಿಲ್ಲ, ಚರ್ಮ ಹರಿಯುತ್ತದೆ. ಒಮ್ಮೆ ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಇಲ್ಲಿಯ ಮುದುಕರೊಬ್ಬರು ಬಂದು, ದಾರವನ್ನು ಕೈಗೆ ಸುತ್ತಬೇಡಿ ಎಂದು ತುಂಬ ಮರ್ಯಾದೆಯಿಂದ ಹೇಳಿದರು. ಅಕ್ಕ ಅಷ್ಟೇ ಮರ್ಯಾದೆಯಿಂದ ಥ್ಯಾಂಕ್ಯೂ ಹೇಳಿ, ಅವರು ಆಚೆ ಹೋದ ಮೇಲೆ ನನಗೆ, "ಇವರ ಅಜ್ಜ ಹುಟ್ಟುವ ಮೊದಲೇ ನಮ್ಮಲ್ಲಿ ಗಾಳ ಹಾಕ್ತಿದ್ರು, ಹೇಳು ಅವರಿಗೆ" ಎಂದರು. ನಾನು ನಕ್ಕೆ. ಇಬ್ಬರೂ ನಕ್ಕೆವು.

ಆ ಭಾನುವಾರ ಬಿಸಿಲಿತ್ತು. ಗಾಳಿಗೆ ಬಿದ್ದ ಎಲೆಗಳು ನೀರಿನ ಮೇಲೆ ಹಾಸಿದ್ದವು. ಸಣ್ಣ ಕತ್ತರಿಯೊಂದನ್ನು ಅಕ್ಕ ಯಾವಾಗಲೂ ಬಕೆಟ್ಟಿನ ಹಿಡಿಕೆಗೆ ಲಾಡಿಯಿಂದ ಕಟ್ಟಿರುತ್ತಿದ್ದರು. ಅದನ್ನು ಅಲ್ಲಿ ನೋಡಿದ ನೆನಪು ನನಗಿದೆ. ಮಧ್ಯಾಹ್ನ ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ ಅಕ್ಕ ಎದ್ದು ನಿಂತರು. ಬೆಂಡು ಓರೆಯಾಗಿ ಮುಳುಗಿತ್ತು. ರಾಡ್ ಎತ್ತಿ ಜಗ್ಗಿದರು. ರಾಡ್ ಬಾಗಿತು, ಆಮೇಲೆ ಅಲುಗಲಿಲ್ಲ.

"ಮೀನಲ್ಲ," ಎಂದರು. "ಕೆಳಗೆ ಎಂತದೋ ಉಂಟು. ಟ್ರಾಲಿಯೇ ಇರ್ಬೇಕು."

ಸೂಪರ್‌ಮಾರ್ಕೆಟ್ಟಿನ ಟ್ರಾಲಿಗಳನ್ನು ತಂದು ಆ ಕಾಲುವೆಗೆ ಎಸೆಯುವವರು ಯಾರೋ ದೇವರಿಗೇ ಗೊತ್ತು. ಎರೆಮೀನು ಕೊಕ್ಕೆಯ ಸಮೇತ ಆಚೆ ದಡದ ಹತ್ತಿರ ತಳದಲ್ಲಿ ಸಿಕ್ಕಿಕೊಂಡಿತ್ತು. ಅಂದರೆ ದಾರ ಕಾಲುವೆಯ ಅಡ್ಡಕ್ಕೆ, ಈ ದಡದಿಂದ ಆ ದಡಕ್ಕೆ ಬಿಗಿದು ನಿಂತಿತ್ತು. ಆಗ ಸೇತುವೆಯ ತಿರುವಿನಲ್ಲಿ ಆ ಸದ್ದು ಕೇಳಿತು. ದಡ್ ದಡ್ ದಡ್. ಉದ್ದನೆಯ, ಸಪೂರದ ದೋಣಿ. ಅದರಲ್ಲೇ ಸಂಸಾರ ಮಾಡುವವರಿದ್ದಾರೆ. ಹಸಿರು ಬಣ್ಣ, ಮೇಲೆ ಹೂವಿನ ಕುಂಡಗಳು, ಹಿಂದೆ ಚುಕ್ಕಾಣಿ ಹಿಡಿದು ನಿಂತ ಉಣ್ಣೆಯ ಟೊಪ್ಪಿಗೆಯ ಒಬ್ಬ ಮನುಷ್ಯ. ನಡೆಯುವವರಿಗಿಂತ ಸ್ವಲ್ಪ ಜೋರು, ಅಷ್ಟೇ.

"ದೋಣಿ ಬಂತ್ರಿ ಅಕ್ಕಾ. ದಾರ ಕಡಿದ ಬಿಡ್ರಿ."

"ಪಾಪದ್ದು, ಕೊಕ್ಕೆ ನುಂಗಿದ ಪೈಕ್ ಯಾವುದಾದ್ರೂ ಆ ಟ್ರಾಲಿಯಲ್ಲಿ ಸಿಕ್ಕಿ ಕೂತಿದ್ರೆ? ಕಡಿದ್ರೆ ಅದು ಸಾಯ್ತದೆ. ಒಂದು ಸಲ ಎಳೆದು ನೋಡ್ತೇನೆ, ಬರ್ತದೆ."

ಅವರು ರಾಡ್ ಕೆಳಗಿಟ್ಟರು. ದಾರವನ್ನು ಬಲ ಅಂಗೈಗೆ ಎರಡು ಮೂರು ಸುತ್ತು ಸುತ್ತಿದರು. ಅಳಿವೆಯಲ್ಲಿ ಬಂಡೆಗೆ ಸಿಕ್ಕಿದ ಗಾಳವನ್ನು ಹಾಗೇ ಬಿಡಿಸಿಕೊಳ್ಳುತ್ತಿದ್ದುದಂತೆ. ಬೆನ್ನು ಹಾಕಿ, ದಾರವನ್ನು ಹೆಗಲ ಮೇಲಿಂದ ತೆಗೆದುಕೊಂಡು ದಂಡೆಯಿಂದ ಈಚೆ ನಡೆಯತೊಡಗಿದರು, ಬಾವಿಯಿಂದ ನೀರು ಜಗ್ಗುವ ಎತ್ತಿನ ಹಾಗೆ. ಹಾಗಾಗಿ ದೋಣಿಯನ್ನು ನೋಡಿದವಳು ನಾನೊಬ್ಬಳೇ.

ದೋಣಿಯ ಮೂತಿ ದಾರದ ಮೇಲೆ ಸರಿಯಿತು. ಏನೂ ಆಗಲಿಲ್ಲ. ದಾರ ತಗ್ಗಿತು, ದೋಣಿಯ ಹೊಟ್ಟೆಯಡಿಗೆ ಹೋಯಿತು. ಹೂವಿನ ಕುಂಡಗಳು ಒಂದೊಂದೇ ನನ್ನ ಮುಂದೆ ದಾಟಿದವು. ಇನ್ನೇನು ಪೂರ್ತಿ ದಾಟಿತು ಎನ್ನುವಾಗ ನೀರಿನೊಳಗೆ ತಿರುಗುವ ಹಿಂಬದಿಯ ಫ್ಯಾನಿಗೆ ದಾರ ಸಿಕ್ಕಿತು.

ಅಕ್ಕ ಹಿಂದಕ್ಕೆ ಬಿದ್ದರು. ಬೆನ್ನ ಮೇಲೆ ಬಿದ್ದು, ಹೊರಳಿ, ಮುಖ ಕೆಳಗಾಗಿ, ಬಲಗೈ ಮುಂದೆ ಚಾಚಿಕೊಂಡು ಹುಲ್ಲಿನ ಮೇಲೆ ಜಾರತೊಡಗಿದರು. ಯಾರೋ ಕೈ ಹಿಡಿದು ಎಳೆದೊಯ್ಯುತ್ತಿದ್ದಾರೆ ಎನ್ನುವ ಹಾಗೆ. "ದೆವಾ!" ಎಂದದ್ದು ಒಂದೇ ಸಲ. ನಾನು ಓಡಿ ಹಿಂದಿನಿಂದ ಅವರ ಕೋಟಿನ ಬೆಲ್ಟು ಹಿಡಿದೆ. ದಂಡೆಯ ಅಂಚಿನಲ್ಲಿ ದೋಣಿ ಕಟ್ಟುವ ಕಬ್ಬಿಣದ ಗೂಟವೊಂದಿತ್ತು. ಅಕ್ಕನ ಎಡಗೈ ಅದಕ್ಕೆ ಸಿಕ್ಕಿತು. ಅವರು ಅದನ್ನು ತಬ್ಬಿದರು. ಬಲಗೈ ನೀರಿನ ಮೇಲೆ ಚಾಚಿತ್ತು, ಅಂಗೈಯ ಸುತ್ತು ಎರಡು ಬೆರಳಿನ ಬುಡಕ್ಕೆ ಜಾರಿ ಬಿಗಿದಿತ್ತು, ಬೆರಳುಗಳು ನೀಲಿ.

ನಾನು ಕೂಗಿದೆ. ಒಂದು ಕೈ ಬಿಟ್ಟು ಬೀಸಿ ಬೀಸಿ ಕೂಗಿದೆ. "ನಿಲ್ಲಸ್ರೀ! ನಿಲ್ಲಸ್ರೀ!" ಮೂವತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ, ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್. ಆಗ ಒಂದು ಇಂಗ್ಲಿಷ್ ಶಬ್ದವೂ ಬಾಯಿಗೆ ಬರಲಿಲ್ಲ. ಟೊಪ್ಪಿಗೆಯ ಮನುಷ್ಯ ತಿರುಗಿ ನೋಡಿದ. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಏನು ಕೇಳಿತೋ. ಆ ಕಾಲುವೆಯಲ್ಲಿ ದೋಣಿಯವರೂ ದಂಡೆಯವರೂ ಒಬ್ಬರಿಗೊಬ್ಬರು ಕೈ ಬೀಸುವುದು ವಾಡಿಕೆ, ಗುರುತಿರಬೇಕಿಲ್ಲ. ಹುಲ್ಲಿನ ಮೇಲೆ ಬಿದ್ದು ಹೊರಳಾಡುತ್ತಿದ್ದ ಇಬ್ಬರು ಹೆಂಗಸರನ್ನು ಅವನು ನೋಡಿದ. ನಕ್ಕು, ಕೈ ಬೀಸಿದ.

ಆ ಕೈ. ಅದು ಏಳುವುದನ್ನು ನಾನು ಈಗಲೂ ನೋಡುತ್ತೇನೆ. ಅವನದೇನೂ ತಪ್ಪಿಲ್ಲ, ಆದರೂ.

"ಬಿಡು ನನ್ನನ್ನು," ಎಂದರು ಅಕ್ಕ. ಅವರ ಕೆನ್ನೆ ಗೂಟಕ್ಕೆ ಒತ್ತಿಕೊಂಡಿತ್ತು, ಹಾಗಾಗಿ ಮಾತು ಹಲ್ಲಿನ ನಡುವಿಂದ ಬಂತು. "ಕತ್ತರಿ ತಕೋ."

"ಬಿಟ್ರ ನೀರಿಗೆ ಹೋಗ್ತೀರಿ!"

"ಬಿಡು ಅಂದೆ. ಕೈ ಹೋಗ್ತದೆ ನನ್ನದು. ಕತ್ತರಿ!"

ಬಿಟ್ಟೆ. ಹೇಗೆ ಬಿಟ್ಟೆ ಎಂಬುದೇ ಗೊತ್ತಿಲ್ಲ. ಬೆರಳುಗಳು ಒಂದೊಂದಾಗಿ ಬಿಚ್ಚಿದವೋ, ಒಮ್ಮೆಲೇ ಬಿಚ್ಚಿದವೋ? ಒಂದೊಂದು ಸಲ ನೋಡುವಾಗ ನಾನು ಬಿಟ್ಟ ಕೂಡಲೇ ಗೂಟ ಅವರ ತೋಳಿನಿಂದ ಜಾರುತ್ತದೆ. ಹಾಗಾಗಲಿಲ್ಲ. ಆದರೆ ಆಗುವುದನ್ನು ನಾನು ಎಷ್ಟು ಸಲ ನೋಡಿದ್ದೇನೆಂದರೆ, ಆಗಲಿಲ್ಲ ಎಂದು ನಂಬಲು ಅವರಿಗೆ ಫೋನ್ ಮಾಡಬೇಕಾಗುತ್ತದೆ.

ಬಕೆಟ್ಟಿನ ಹಿಡಿಕೆಯಲ್ಲಿ ಲಾಡಿಯಿತ್ತು, ಹೊರಗೆ ಕತ್ತರಿಯಿರಲಿಲ್ಲ. ಲಾಡಿ ಬಕೆಟ್ಟಿನೊಳಗೆ ಇಳಿದಿತ್ತು. ಅಷ್ಟು ವಾರಗಳಿಂದ ಮಾರು ದೂರ ಕೂತಿದ್ದವಳು ಕೈಯನ್ನು ಮೊಣಕೈವರೆಗೆ ಅದರೊಳಗೆ ಹಾಕಿದೆ. ನೀರು ಕೊರೆಯುತ್ತಿತ್ತು. ಮೀನುಗಳು ಕೈಸುತ್ತ, ಬೆರಳ ಸಂದಿಯಲ್ಲಿ, ಮಣಿಕಟ್ಟಿಗೆ ಬಡಿದು ಬಡಿದು ಓಡಾಡಿದವು. ಲಾಡಿಯ ಗಂಟು ಬಿಚ್ಚಿ ಕತ್ತರಿ ಅದರಿಂದ ಕಳಚಿತ್ತೋ ಏನೋ, ಸಿಗಲಿಲ್ಲ. ಬಕೆಟ್ಟನ್ನೇ ಬೋರಲು ಹಾಕಿದೆ. ಹುಲ್ಲಿನ ಮೇಲೆ ಬೆಳ್ಳಿಯಂತೆ ಮೀನು ಚೆಲ್ಲಿದವು, ನಡುವೆ ಕತ್ತರಿ.

ದಾರ ಕತ್ತರಿಯ ಬಾಯಲ್ಲಿ ಜಾರಿತು. ಮೊದಲ ಸಲ ಕಡಿಯಲಿಲ್ಲ. ಅಕ್ಕನ ಕೈಯ ಮೇಲೆ ನನ್ನ ಕೈ ಇಟ್ಟು, ದಾರವನ್ನು ಅವರ ಬೆರಳಿನ ತೀರಾ ಹತ್ತಿರ ಹಿಡಿದು ಮತ್ತೆ ಕಡಿದೆ. ಟಕ್ ಎಂದಿತು. ಅಕ್ಕ ಗೂಟದ ಮೇಲೆ ಒರಗಿ ಹಾಗೇ ಕೂತರು. ದೋಣಿಯ ಎಂಜಿನ್ ಕೆಮ್ಮಿ ನಿಂತಿತು. ಫ್ಯಾನಿಗೆ ದಾರವೆಲ್ಲ ಸುತ್ತಿಕೊಂಡಿತ್ತು. ಆ ಮನುಷ್ಯ ದೋಣಿಯನ್ನು ದಡಕ್ಕೆ ತಂದು, ಹಾರಿ, ಓಡಿ ಬಂದ. ಅಕ್ಕನ ಕೈ ನೋಡಿ ಅವನ ಮುಖ ಬಿಳಿಚಿತು. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಅವನೇ. ನನಗೆ ಆಗಲೂ ಇಂಗ್ಲಿಷ್ ಬರುತ್ತಿರಲಿಲ್ಲ.

ನಾಯಿ ಅಡ್ಡಾಡಿಸುತ್ತಿದ್ದ ಹೆಂಗಸೊಬ್ಬಳು ಹುಲ್ಲಿನ ಮೇಲಿದ್ದ ಮೀನುಗಳನ್ನು ಹೆಕ್ಕಿ ನೀರಿಗೆ ಬಿಟ್ಟಳು. ಎಲ್ಲವನ್ನೂ ಬಿಟ್ಟಳೋ, ಎಲೆಗಳಡಿಯಲ್ಲಿ ಒಂದೆರಡು ಉಳಿದವೋ. ಕೆಲವು ದಿನ ಇದೊಂದೇ ತಲೆಯಲ್ಲಿ ಕುಣಿಯುತ್ತದೆ.

ಆಂಬುಲೆನ್ಸಿನಲ್ಲಿ ಕೈಗೆ ದಪ್ಪ ಬ್ಯಾಂಡೇಜು ಕಟ್ಟಿಸಿಕೊಂಡು ಮಲಗಿದ್ದ ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದರು: "ನನ್ನ ಅಪ್ಪ ಇಷ್ಟು ದೊಡ್ಡದು ಯಾವತ್ತೂ ಹಿಡಿದಿಲ್ಲ. ಇಡೀ ಬೋಟು!" ನಾನು ಅಳತೊಡಗಿದೆ. "ನೀನು ಎಂತಕ್ಕೆ ಅಳುದು? ಕೈ ನನ್ನದಲ್ವಾ?"

ಎಲುಬಿಗೇನೂ ಆಗಿರಲಿಲ್ಲ. ತೋರುಬೆರಳು, ನಡುಬೆರಳಿನ ನರ ತುಂಡಾಗಿದ್ದವು. ಸರ್ಜನ್ ಹೊಲಿದರು. ನರ ತುಂಬ ನಿಧಾನ ಬೆಳೆಯುತ್ತದೆ, ಸ್ಪರ್ಶ ಬಂದರೂ ಬರಬಹುದು, ಪೂರ್ತಿ ಬಾರದಿರಲೂಬಹುದು ಎಂದರು. ಬರುವವರೆಗೆ ಸೂಜಿ ಮುಟ್ಟುವಂತಿಲ್ಲ. ಅಕ್ಕನನ್ನು ವಾರ್ಡಿನಿಂದ ತೆಗೆದು, ರೋಗಿಗಳಿಗೆ ಫೋನ್ ಮಾಡಿ ಸಮಯ ಗೊತ್ತುಮಾಡುವ ಕುರ್ಚಿಯಲ್ಲಿ ಕೂರಿಸಿದರು. "ಸೂಜಿ ನೀವೇ ಹಾಕ್ತೀರಾ ಅಂತ ಕೇಳ್ತಾರೆ ಮಾರಾಯ್ತಿ ಫೋನಲ್ಲಿ," ಎಂದು ಒಂದು ದಿನ ಹೇಳಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಬೆರಳಿಗೆ ಅಭ್ಯಾಸ ಮಾಡಿಸಬೇಕಿತ್ತು. ಭಾನುವಾರದ ರೈಲನ್ನು ನಾನು ಬಿಡಲಿಲ್ಲ, ಕಾಲುವೆಯ ಬದಲು ಅಕ್ಕನ ಫ್ಲಾಟಿಗೆ ಹೋದೆ. ಡಬ್ಬಿಗಳಲ್ಲಿ ಸಾಸಿವೆ, ರವೆ, ಜೋಳ, ಕಡಲೆ ಒಯ್ದೆ. ಅಕ್ಕ ಕಣ್ಣು ಮುಚ್ಚಿ ಆ ಎರಡು ಬೆರಳಿನಿಂದ ಮುಟ್ಟಿ ಹೇಳಬೇಕು.

"ಇದು ನಿಮ್ಮ ಧಾರವಾಡದ ಜೋಳ."

"ಬರೊಬ್ಬರಿ! ಬೆರಳಿಗೆ ತಿಳೀತೇನ್ರಿ?"

"ಇಲ್ಲ. ವಾಸನೆ."

ಚಳಿಗಾಲವೆಲ್ಲ ಹಾಗೇ ಹೋಯಿತು. ವಸಂತದಲ್ಲಿ ಕಡಲೆ ತಿಳಿಯಿತು. ಬೇಸಿಗೆಯಲ್ಲಿ ತೋರುಬೆರಳಿಗೆ ಸಾಸಿವೆ ತಿಳಿಯಿತು, ನಡುಬೆರಳಿಗೆ ಏನೂ ಇಲ್ಲ. ರವೆ ಯಾವುದಕ್ಕೂ ಇಲ್ಲ. ನಾನು ಮಾತ್ರ ಎಲ್ಲಿ ಕೂತರೂ ಎರಡು ನಿಮಿಷಕ್ಕೆ ಏಳುತ್ತಿದ್ದೆ. ಪರ್ಸಿನಲ್ಲೊಂದು, ಕೋಟಿನ ಕಿಸೆಯಲ್ಲೊಂದು ಕತ್ತರಿ ಇಟ್ಟುಕೊಂಡೆ. ಗಂಡ ನಮ್ಮ ಬಡಾವಣೆಯ ಡಾಕ್ಟರಾದ ಜಿಪಿಗೆ ತೋರಿಸು ಎಂದರು. ತೋರಿಸಿದೆ. ದಿನಾ ನಡೆಯಿರಿ, ಆ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ ಎಂದರು ಜಿಪಿ.

ಹೋಗೋಣ ಎಂದದ್ದು ಅಕ್ಕ. ಹೋದ ಭಾನುವಾರ ಹೋದೆವು, ರಾಡಿಲ್ಲದೆ, ಬಕೆಟ್ಟಿಲ್ಲದೆ. ಮತ್ತೆ ಅದೇ ಎಲೆಗಳು. ಗೂಟ ಅಲ್ಲೇ ಇತ್ತು, ನನ್ನ ಮೊಣಕಾಲಿಗಿಂತ ಗಿಡ್ಡ. ನನ್ನ ತಲೆಯಲ್ಲಿ ಅದು ಎಷ್ಟೋ ಎತ್ತರ ಬೆಳೆದಿತ್ತು. ಬೆಂಚಿನ ಮೇಲೆ ಕೂತೆವು. ನಾನು ಎದ್ದೆ. ಅಕ್ಕ ಕೋಟು ಹಿಡಿದು ಕೂರಿಸಿದರು.

"ಕೂತ್ಕೋ. ಕೈ ಕೊಡು ಇಲ್ಲಿ."

"ಯಾಕ್ರಿ?"

"ಕೊಡು ಅಂದೆ. ನಾಡಿದ್ದು ವಾರ್ಡಿನಲ್ಲಿ ನನ್ನನ್ನು ಪರೀಕ್ಷೆ ಮಾಡ್ತಾರೆ. ನಿನ್ನ ಕೈಯಲ್ಲಿ ಅಭ್ಯಾಸ ಮಾಡ್ತೇನೆ."

ನನ್ನ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ತೋಳು ಮೇಲೇರಿಸಿ, ಮಣಿಕಟ್ಟಿನ ನಾಡಿಯ ಮೇಲೆ ಆ ಎರಡು ಬೆರಳಿಟ್ಟರು. ಗಾಯದ ಗೆರೆ ಬೆರಳುಗಳ ಬುಡದಲ್ಲಿ ಉಂಗುರದಂತೆ ಬೆಳ್ಳಗಿತ್ತು. ಅಕ್ಕ ಕಣ್ಣು ಮುಚ್ಚಿದರು.

"ತೋರುಬೆರಳಿಗೆ ಉಂಟು. ಇನ್ನೊಂದಕ್ಕೆ ಇಲ್ಲ." ಆ ಬೆರಳೊಂದನ್ನೇ ಇಟ್ಟರು. ಒತ್ತಿದರು, ಸಡಿಲಿಸಿದರು, ಸ್ವಲ್ಪ ಸರಿಸಿದರು. "ಇಲ್ಲ."

ಮತ್ತೆ ಒತ್ತಿದರು. ಅವರ ತುಟಿ ಬಿಗಿಯಿತು. ಅಷ್ಟರಲ್ಲಿ ಸೇತುವೆಯ ತಿರುವಿನಾಚೆ ಆ ಸದ್ದು ಬಂತು. ದಡ್ ದಡ್ ದಡ್. ನಾನು ಅಲುಗಲಿಲ್ಲ ಎಂದುಕೊಂಡಿದ್ದೆ. ದೋಣಿಯ ಮೂತಿ ಕಂಡಿತು, ಬೇರೆ ದೋಣಿ, ನೀಲಿ ಬಣ್ಣದ್ದು.

"ಅರೆ," ಎಂದರು ಅಕ್ಕ, ಕಣ್ಣು ತೆರೆಯದೆ. "ಎಂತ ಇದು? ಹೀಗೆ ಓಡ್ತಾ ಉಂಟಲ್ಲ ನಿನ್ನ ನಾಡಿ!"

"ಯಾವ ಬೆರಳಿಗೆ ತಿಳೀತ್ರಿ?"

ಅವರು ಕಣ್ಣು ತೆರೆದು ತಮ್ಮ ಕೈಯನ್ನೇ ನೋಡಿದರು. ನನ್ನ ಮಣಿಕಟ್ಟಿನ ಮೇಲಿದ್ದದ್ದು ನಡುಬೆರಳೊಂದೇ.

"ಸುಮ್ನಿರು," ಎಂದರು. "ಮಾತಾಡ್ಬೇಡ. ಹೋಗ್ಬಿಡ್ತದೆ."

ದೋಣಿ ನಮ್ಮ ಮುಂದೆ ಬಂತು. ಚುಕ್ಕಾಣಿ ಹಿಡಿದಿದ್ದ ಹೆಂಗಸು ನಮ್ಮನ್ನು ನೋಡಿ ನಕ್ಕು ಕೈ ಎತ್ತಿದಳು. ನಾನೂ ಎತ್ತಬೇಕಿತ್ತು, ಆದರೆ ಒಂದು ಕೈ ಅಕ್ಕನ ಬೆರಳಿನ ಕೆಳಗಿತ್ತು. ಇನ್ನೊಂದು ಕಿಸೆಯೊಳಗೆ ಕತ್ತರಿಯನ್ನು ಹಿಡಿದುಕೊಂಡಿತ್ತು.